ಹೊಸ ಊರಿನಲ್ಲಿ ಮನೆ ಗೊತ್ತಾಯಿತು

ಅಮ್ಮಾ,

ನೀನಿದ್ದಿದ್ದರೆ ಮೊದಲು ನಿನಗೇ ಫೋನ್ ಮಾಡುತ್ತಿದ್ದೆ. ನನಗೆ ವರ್ಗವಾದ ಊರಿನಲ್ಲಿ ಇವತ್ತು ಮನೆ ನೋಡಿದೆವು. ಬ್ರೋಕರ್ ನನ್ನ ಆಫೀಸಿನ ಪಕ್ಕದ ಮನೆಯನ್ನೇ ಹೊಗಳುತ್ತಿದ್ದ. ನಾನು ಊರಾಚೆಯ ಬಡಾವಣೆಗೆ ಹೋಗಿ, ಶಾಲೆ ಬಿಡುವ ಹೊತ್ತಿಗೆ ಬೀದಿಯಲ್ಲಿ ನಿಂತೆ. ಅಲ್ಲಿನ ಮಕ್ಕಳು ದೊಡ್ಡವರ ಜೊತೆಯಿಲ್ಲದೆ, ಜಗಳವಾಡುತ್ತಾ ತಾವಾಗಿಯೇ ನಡೆದು ಬಂದರು. ನನಗೆ ಅಷ್ಟು ಸಾಕಿತ್ತು.

"ಮೇಡಂ, ನಿಮಗೆ ಓಡಾಟ ಜಾಸ್ತಿಯಾಗುತ್ತೆ."

"ಓಡಾಡೋಳು ನಾನೊಬ್ಬಳೇ ಕಣಪ್ಪಾ. ಇಡೀ ದಿನ ಇಲ್ಲಿರೋರು ಮಕ್ಕಳು, ನಮ್ಮತ್ತೆ."

ಜೊತೆಗೆ ಬಂದಿದ್ದ ಅತ್ತೆಯನ್ನು, ಮನೆ ಹಿಡಿಸಿತಾ ಎಂದು ಕೇಳಿದೆ.

"ನನ್ನನ್ನೇನು ಕೇಳ್ತೀಯಮ್ಮಾ, ನಿಮಗೆ ಅನುಕೂಲವಾದ್ರೆ ಸಾಕು."

ಅಪ್ಪನ ಪ್ರತಿ ವರ್ಗಾವಣೆಯಲ್ಲೂ ನೀನು ಹೇಳುತ್ತಿದ್ದ ಮಾತು. ಅದನ್ನೇ ಒಪ್ಪಿಗೆ ಎಂದುಕೊಂಡು ನಾವು ಲಾರಿಗೆ ಸಾಮಾನು ಹೇರುತ್ತಿದ್ದೆವು.

ಅತ್ತೆಯನ್ನು ಇನ್ನೊಂದು ಸಲ ಕೇಳಿದೆ.

"ಮಹಡಿ ಬೇಡಮ್ಮಾ. ಕೆಳಗಾದ್ರೆ ಬಾಗಿಲಲ್ಲಿ ಕೂತ್ಕೊಂಡು ನಾಲ್ಕು ಜನರ ಹತ್ರ ಮಾತಾಡಬಹುದು," ಎಂದರು.

ಕೆಳಗಿನ ಮನೆಯನ್ನೇ ಗೊತ್ತು ಮಾಡಿದೆ, ಅಮ್ಮಾ.