ತಂಗಿ ಹೊಡೆದ ಗೋಲು

ಭಾನುವಾರ, ಮಧ್ಯಾಹ್ನ

ನನ್ನ ತರಲೆ ತಂಗಿಗೆ,

ಫೋನ್ ಎತ್ತದವಳಿಗೆ ಇನ್ನೇನು ಮಾಡಲಿ, ಕಾಗದ ಬರೆಯುತ್ತಿದ್ದೇನೆ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲಾಗಿದೆ, ಆಡಿಕೊಳ್ಳಬೇಡ. ಮಂಚದ ಮೇಲೆ ಒರಗಿಕೊಂಡು ಬರೆದರೆ ಹೀಗೇ ಆಗುವುದು.

ನಿನ್ನ ಹಾಸ್ಟೆಲ್ ಗೆಳತಿ ಅಮ್ಮನಿಗೆ ಎಲ್ಲ ಹೇಳಿದಳು. ಫೈನಲ್‌ನಲ್ಲಿ ಅಕ್ಕ ಬೇಕಂತಲೇ ಗೋಲು ಬಿಟ್ಟುಕೊಟ್ಟಳು, ಭಿಕ್ಷೆಯ ಗೋಲು ನಂಗೆ ಬೇಡ, ಬುಧವಾರ ವಿಶ್ವವಿದ್ಯಾಲಯ ತಂಡದ ಆಯ್ಕೆಗೂ ಹೋಗಲ್ಲ ಅಂತ ಬೂಟು ಕಟ್ಟಿಟ್ಟು ಕೂತಿದ್ದೀಯಂತೆ.

ಲೇ ಹುಚ್ಚಿ, ಮೂರು ವರ್ಷ ನಿಮ್ಮ ಕಾಲೇಜನ್ನು ಸೋಲಿಸಿ ಮೆರೆದ ಗೋಲ್‌ಕೀಪರ್ ನಾನು. ಸೇತುವೆಯ ಆಚೆಯ ಕಾಲೇಜಿನವರಿಗೆ ಕುಂಟೆಬಿಲ್ಲೆಯೇ ಸರಿ, ಫುಟ್‌ಬಾಲ್ ಯಾಕೆ ಅಂತ ಆಡಿಕೊಂಡವಳೂ ನಾನೇ. ಚಿಕ್ಕಂದಿನಲ್ಲಿ ಐಸ್‌ಕ್ರೀಮಿನ ಕಡ್ಡಿಯನ್ನೂ ನಿನಗೆ ಬಿಟ್ಟುಕೊಡದವಳು ಈಗ ಕಪ್ ಬಿಟ್ಟುಕೊಡುತ್ತೇನಾ?

ಈ ಸಲ ನಿಮ್ಮ ತಂಡಕ್ಕೆ ಅದೇನಾಯಿತೋ! ಮೊದಲ ಪಂದ್ಯದಲ್ಲಿ ನಾವು ನಾಲ್ಕು ಗೋಲು ಹೊಡೆದೆವು. ನಮ್ಮ ಬಸ್ಸು ಹೊರಡುವಾಗ ನೋಡಿದರೆ, ನೀವು ಅದೇ ಕೆಸರಿನಲ್ಲಿ ಮತ್ತೆ ಅಭ್ಯಾಸಕ್ಕಿಳಿದಿದ್ದಿರಿ. ನಮ್ಮವರೆಲ್ಲ ಕಿಟಕಿಯಿಂದ ನಕ್ಕರು, ನನಗೆ ಮಾತ್ರ ಎದೆ ಧಸಕ್ಕೆಂದಿತು. ಎರಡನೆಯ ಪಂದ್ಯ ಸಮವಾಯಿತು. ನಿಮ್ಮ ಗಿಡ್ಡ ಕ್ಯಾಪ್ಟನ್ನು ಜಿಗಣೆಯಂತೆ ಅಂಟಿಕೊಂಡು ನಮ್ಮ ಗೋಲು ಹೊಡೆಯುವವಳಿಗೆ ಉಸಿರಾಡಲೂ ಬಿಡಲಿಲ್ಲ. ಭೇಷ್ ಅನ್ನಿಸಿತು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಇನ್ನು ಫೈನಲ್. ಜೋರಾಗಿ ಹೊಡೆಯುವ ಮುಂಚೆ ನೀನು ನಾಲಿಗೆ ಕಚ್ಚುತ್ತೀಯ, ಚೆಂಡು ಎಡಮೂಲೆಗೇ ಹೋಗುತ್ತದೆ. ಹಿತ್ತಿಲ ಗೋಡೆಯ ಗಾರೆ ಉದುರಿಸಿ ಅಪ್ಪನಿಂದ ಬೈಸಿಕೊಳ್ಳುತ್ತಿದ್ದ ಕಾಲದಿಂದ ಈ ಗುಟ್ಟು ನನಗೆ ಗೊತ್ತು. ಅವತ್ತೂ ನೀನು ನಾಲಿಗೆ ಕಚ್ಚಿದೆ. ಸಿಕ್ಕಿಬಿದ್ದಳು ಅಂದುಕೊಂಡು, ನೀನು ಕಾಲು ಬೀಸುವ ಮೊದಲೇ ನಾನು ಆ ಮೂಲೆಗೆ ಹಾರಿದೆ. ಗೊತ್ತಿದ್ದೂ ತಡೆಯಲಾಗಲಿಲ್ಲ ಕಣೆ! ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಾ? ಬಲೆಯೊಳಗಿನ ಚೆಂಡು ನೋಡಿ ಹೊಟ್ಟೆ ಉರಿಯಿತು, ಹೆಮ್ಮೆಯಿಂದ ಕಣ್ಣೂ ತುಂಬಿತು.

ಕೈಗೆ ಬಂದ ಚೆಂಡು ಅದ್ಹೇಗೆ ಜಾರುತ್ತೆ, ಕೊನೇ ವರ್ಷ ಅಂತ ತಂಗಿಗೆ ಉಡುಗೊರೆ ಕೊಟ್ಟಳು ಅಂತ ನಮ್ಮ ಕೋಚ್ ಗೊಣಗಿದ್ದೇ ಕ್ಯಾಂಟೀನ್ ತುಂಬ ಹಬ್ಬಿತು. ಜನರ ಬಾಯಿಗೆ ಬೀಗ ಹಾಕೋಕಾಗುತ್ತಾ? ಆದರೆ ನೀನೂ ಅದನ್ನೇ ನಂಬಿದರೆ ನಾನು ಹಾರಿದ್ದೆಲ್ಲ ನಾಟಕ ಅಂತಾಯಿತು. ನನ್ನ ಕೊನೆಯ ಪಂದ್ಯಕ್ಕೆ ಅಷ್ಟು ಅವಮಾನ ಮಾಡಬೇಡ. ಬೂಟು ತೆಗಿ, ಬುಧವಾರ ಹೋಗು.

ನಿನ್ನ ಕಾಲಿಗೆ ನಿಜವಾಗಿಯೂ ಸೋತ,
ಅಕ್ಕ

ತಾ.ಕ.: ಇದೊಂದು ಮಾತ್ರ ಬರೀಬೇಡ, ಅತ್ತು ರಂಪ ಮಾಡ್ತಾಳೆ ಅಂತ ಅಮ್ಮ ಹೇಳಿದ್ದಳು. ಆದರೂ ಬರೆಯುತ್ತೇನೆ. ಇದು ಎಡಗೈ ಅಕ್ಷರ. ಬಲಗೈಯ ಎರಡು ಬೆರಳಿಗೆ ಪ್ಲಾಸ್ಟರ್ ಹಾಕಿದ್ದಾರೆ. ನಿನ್ನ ಚೆಂಡು ಅವನ್ನು ಮುರಿದೇ ಒಳಗೆ ಹೋದದ್ದು. ಬಿಟ್ಟುಕೊಡುವ ಕೈ ಮುರಿಯುವುದಿಲ್ಲ ಕಣೆ. ಬುಧವಾರ ಮೈದಾನದ ಬೇಲಿಯ ಪಕ್ಕ ನಿಂತಿರುತ್ತೇನೆ. ಚಪ್ಪಾಳೆ ತಟ್ಟಲಾರೆ, ಆದರೆ ಬಾಯಿಗೇನೂ ಪ್ಲಾಸ್ಟರ್ ಹಾಕಿಲ್ಲ.