ಶರಣಬಸವೊವ್ನಾ

ಇಲ್ಫರ್ಡ್, ಲಂಡನ್
೬ ಜನವರಿ ೧೯೯೯

ನೇತ್ರಾಳ ಅಪ್ಪನಿಗೆ ಕಾಶವ್ವನ ಶರಣು.

ಧಾರವಾಡದ ಚಳಿಗೆ ನಿಮ್ಮ ಮಂಡಿನೋವು ಹೇಗಿದೆ? ಇಲ್ಲಿಯ ಜಿಪಿ ಡಾಕ್ಟರು ಕೊಟ್ಟ ಮಾತ್ರೆ ಮುಗಿದಿದ್ದರೆ ತಿಳಿಸಿ. ತಂಗಿಯ ಮನೆಯೆಂದು ದಿನಾ ಮಿರ್ಚಿಭಜಿಗೆ ಕೈ ಹಾಕುತ್ತಿರುತ್ತೀರಿ, ನನಗೆ ಗೊತ್ತಿಲ್ಲವೇ. ನಾನು ಆರಾಮ. ಸಂಕ್ರಾಂತಿ ಮುಗಿದೊಡನೆ ಬೆಳಗಾವಿಯವರ ಜೊತೆ ನಿಶ್ಚಿತಾರ್ಥ, ನೇತ್ರಾಳನ್ನು ಕರೆದುಕೊಂಡು ಬಾ ಎಂದು ಬರೆದಿದ್ದೀರಿ. ಆ ಮಾತಿಗೆ ಬರುತ್ತೇನೆ. ಮೊದಲು ನೀವು ಹೋಗುವಾಗ ಒಪ್ಪಿಸಿದ ಕೆಲಸದ ವರದಿ.

“ಆ ರಶಿಯಾದವನ ಮ್ಯಾಲೆ ಒಂದ್ ಕಣ್ಣಿಟ್ಟಿರು” ಎಂದಿದ್ದಿರಿ. ಎರಡೂ ಇಟ್ಟಿದ್ದೇನೆ. ಮಗಳ ಪಿಎಚ್‌ಡಿಗೆ ದಾರಿ ತೋರಿಸಲು ಶಿಕಾಗೊದಿಂದ ಬಂದಿರುವ ಈ ಪ್ರೊಫೆಸರ್ ಲೆವ್, ಭಾನುವಾರ ನಮ್ಮ ಮನೆಗೆ ಬಂದವರೇ ನಿಮ್ಮ ಸೋಫಾದ ಮೇಲೆ ಮಲಗಿ ಕಣ್ಣು ಮುಚ್ಚುತ್ತಾರೆ. ಇವಳು ಗೋಡೆ ನೋಡುತ್ತ ಕೂರುತ್ತಾಳೆ. ಕೇಳಿದರೆ ಕೆಲಸ ನಡೆದಿದೆಯಂತೆ. ಟೀಗೆ ಸಕ್ಕರೆ ಬೇಡ, ಜಾಮ್ ಬೇಕಂತೆ. ಮಾವಿನ ಗುಳಂಬ ಕೊಟ್ಟೆ, ಅರ್ಧ ಭರಣಿ ಖಾಲಿ. ಇಂಥವರನ್ನು ನಂಬುವುದು ಹೇಗೆ?

ಅದಕ್ಕಿಂತ ದೊಡ್ಡ ಅನುಮಾನ ಹೆಸರಿನದು. ಮನೆಗೆ ಬಂದ ಮೊದಲ ದಿನವೇ ಇವಳ ತಂದೆಯ ಹೆಸರೇನೆಂದು ನನ್ನನ್ನು ಕೇಳಿದರು. ನಾನು ಹೇಗೆ ಹೇಳಲಿ? ಗೋಡೆಯ ಮೇಲಿನ ನಿಮ್ಮ ಸರ್ಟಿಫಿಕೇಟು ತೋರಿಸಿದೆ. ಅಂದಿನಿಂದ ಇವಳು ‘ನೇತ್ರಾ ಶರಣಬಸವೊವ್ನಾ’. ಮದುವೆಯಾದಾಗಿನಿಂದ ನಾನು ಬಾಯಿಬಿಟ್ಟು ಹೇಳದ ಹೆಸರನ್ನು ಅವರು ಮನೆ ತುಂಬ ಕೂಗುತ್ತಾರೆ. ಅದಿರಲಿ, ಈ ‘ಒವ್ನಾ’ ಯಾರದು? ಅವರ ತಾಯಿ ಸೋಫಿಯಾ ಲ್ವೊವ್ನಾ, ತಂಗಿ ರಿಮ್ಮಾ ಅಬ್ರಾಮೊವ್ನಾ. ಅಂದರೆ ಒವ್ನಾ ಅವರ ಮನೆತನದ ಅಡ್ಡಹೆಸರು, ಅದನ್ನು ನಮ್ಮ ಮಗಳಿಗೆ ಆಗಲೇ ಅಂಟಿಸಿಬಿಟ್ಟಿದ್ದಾರೆ ಎಂದುಕೊಂಡೆ. ಹೆಂಡತಿ ತೀರಿಕೊಂಡ ಮನುಷ್ಯ ಬೇರೆ. ಒಂದು ತಿಂಗಳು ಅವರ ತಟ್ಟೆಗೆ ಎರಡನೇ ರೊಟ್ಟಿ ಹಾಕಲಿಲ್ಲ. ಕೊನೆಗೆ ನೇತ್ರಾಳನ್ನೇ ಕೇಳಿದರೆ ಬಿದ್ದುಬಿದ್ದು ನಕ್ಕಳು. “ಮಮ್ಮಿ, ಒವ್ನಾ ಅಂದ್ರ ಮಗಳು. ಜಸ್ಟ್ ಡಾಟರ್ ಆಫ್.” ನಮ್ಮ ಕಡೆ ಹೆಸರಿನ ನಡುವೆ ಅಪ್ಪನ ಹೆಸರು ಹಾಕುವ ಹಾಗೆಯೇ ಅಂತೆ.

ಅವರ ಕಥೆಯನ್ನೂ ನಾನು ಸುಮ್ಮನೆ ನಂಬಲಿಲ್ಲ. ಮಾಸ್ಕೋದ ಯೂನಿವರ್ಸಿಟಿಗೆ ಸೇರಲು ಹೋದರೆ, ಯಹೂದಿ ಹುಡುಗನೆಂದು ಯಾರಿಗೂ ಬಿಡಿಸಲಾಗದ ಲೆಕ್ಕ ಕೊಟ್ಟು ಕೆಡವಿದರಂತೆ. ಬೇರೆ ಕಡೆ ಕಲಿತು ಸಾಧಿಸಿದ ಮೊದಲ ಪ್ರಮೇಯ ಗುರುವಿನ ಹೆಸರಿನಲ್ಲಿ ಅಚ್ಚಾಯಿತಂತೆ. ದೇಶ ಬಿಡುತ್ತೇನೆಂದು ಅರ್ಜಿ ಹಾಕಿದ್ದಕ್ಕೆ ಕೆಲಸ ಹೋಗಿ, ಬಾಯ್ಲರ್ ಕೋಣೆ ಕಾಯುತ್ತ ಗಣಿತ ಮಾಡಿದರಂತೆ. ಅಮೆರಿಕ ಸೇರುವಷ್ಟರಲ್ಲಿ ತಲೆ ನರೆತಿತ್ತು. ಪ್ರೊಫೆಸರ್‌ಗಿರಿ, ಬಹುಮಾನ ಎಲ್ಲ ಆಮೇಲಿನದು. ಇಷ್ಟೊಂದು ಅಂತೆಗಳು ಗಂಟಲಲ್ಲಿ ಇಳಿಯದೆ, ಕಾಲೇಜಿನಲ್ಲಿ ಗಣಿತ ಕಲಿಸುವ ನಮ್ಮ ಬೀದಿಯ ವತ್ಸಲಾಳ ಗಂಡ ಗೋಪೀನಾಥನ ಹತ್ತಿರ ವಿಚಾರಿಸಿದೆ. “ಎಲ್ಲಾ ಖರೇ ಅದ ವೈನಿ, ಭಾಳ ದೊಡ್ಡ ಮನಿಷ್ಯಾ” ಎಂದ. ಚಿಕ್ಕವರು ಮಾಡಿದ್ದನ್ನು ತಮ್ಮದೆಂದು ಎತ್ತಿಕೊಳ್ಳುವವರು ದೊಡ್ಡವರೇ ಅಲ್ಲವೇ?

ಅದಕ್ಕೇ ನೇತ್ರಾಳ ಪ್ರಮೇಯ ಸಿದ್ಧವಾದಾಗ, ಅದು ಯಾರ ಹೆಸರಿನಲ್ಲಿ ಬರುತ್ತದೆಂದು ನೇರವಾಗಿ ಕೇಳಿದೆ. ಅವಳದೊಂದೇ ಎಂದರು. ಪ್ರಮೇಯದಲ್ಲಿ ತಪ್ಪಿರಬೇಕು, ಅದಕ್ಕೇ ಜಾರಿಕೊಳ್ಳುತ್ತಿದ್ದಾರೆ ಎಂದು ಮತ್ತೆ ಅನುಮಾನ. ಮುಖದಲ್ಲೇ ಓದಿಕೊಂಡರೋ ಏನೋ, ಟೀ ಕಪ್ಪು ಕೆಳಗಿಟ್ಟು, “ನನ್ನ ಹೆಸರು ಸೇರಿದರೆ ಜನ ಅದನ್ನು ನನ್ನದೇ ಎನ್ನುತ್ತಾರೆ, ಹಾಗೆ ಕಳೆದುಕೊಂಡವನು ನಾನು” ಎಂದರು. ನನಗೆ ಅಳು ಬಂತು, ಅಡುಗೆಮನೆಗೆ ಹೋದೆ. ಆ ಪ್ರಮೇಯ ನೋಡಿ ಶಿಕಾಗೊದವರು ಇವಳಿಗೆ ಎರಡು ವರ್ಷದ ಕೆಲಸ ಕೊಟ್ಟಿದ್ದಾರೆ, ಈ ತಿಂಗಳೇ ಸೇರಬೇಕು. ಮದುವೆಯಾದ ಮೇಲೆ ಗಣಿತ ಗಿಣಿತ ಸಾಕು ಎಂದು ಬೆಳಗಾವಿಯವರು ಹೇಳಿದ್ದನ್ನು ನೀವೇ ಬರೆದಿದ್ದೀರಿ. ಈಗ ನನ್ನ ಅನುಮಾನವೆಲ್ಲ ಅವರ ಮೇಲೆ.

ತಂಗಿಗೆ ಶರಣು ಹೇಳಿ, ಅವಳ ಮಕ್ಕಳಿಗೆ ಆಶೀರ್ವಾದ. ಮುಂಜಾನೆ ಮಫ್ಲರ್ ಇಲ್ಲದೆ ಹೊರಬೀಳಬೇಡಿ.

ಇಂತಿ ನಿಮ್ಮ
ಕಾಶವ್ವ

ತಾ.ಕ.: ಟಪಾಲಿನ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ನೇತ್ರಾ ಇಂದು ಬೆಳಿಗ್ಗೆ ಶಿಕಾಗೊಗೆ ಹೋದಳು. ಹೀಥ್ರೂಗೆ ಹೋಗಿ ನಾನೇ ಕಳಿಸಿ ಬಂದೆ. ಬೆಳಗಾವಿಯವರಿಗೆ ಆಗುವುದಿಲ್ಲವೆಂದು ತಿಳಿಸಿಬಿಡಿ. ಮನೆಯ ಫೋನ್ ಕೆಟ್ಟಿಲ್ಲ. ಮೊದಲೇ ಮಾಡಿದ್ದರೆ ನೀವು ಬೇಡ ಎನ್ನುತ್ತಿದ್ದಿರಿ, ನಿಮ್ಮ ದನಿ ಕೇಳಿ ನಾನು ಹೂಂ ಎಂದುಬಿಡುತ್ತಿದ್ದೆ.