ಹಿಂದಿನ ಗಾಜಿಗೆ ಮಾತ್ರ ಬೇಡ

ಸೆಲ್ವಿನ್,

ಬೀನ್ಸ್ ಹಾಕಿ ಮಡಚಿದ ಎರಡು ಬಲೆಯಾದಾ ರೊಟ್ಟಿ ಮುಚ್ಚಿಟ್ಟಿದ್ದೇನೆ, ತಿಂದೇ ಕಾರು ತೆಗೆ.

ಗಾಜಿಗೆ ಫಿಲ್ಮ್ ಹಚ್ಚುವ ಚೆಪೆ ಕಡುಗಪ್ಪಿನದನ್ನು ತೋರಿಸಿ, "ಒಳಗೆ ತಂಪಾಗಿರತ್ತೆ ಕಣೋ" ಅಂತಾನೆ. ತಲೆಯಾಡಿಸಿಬಿಡಬೇಡ. ಅವನ ಹತ್ತಿರ ಇರುವುದರಲ್ಲೇ ತೀರಾ ತೆಳು ಬಣ್ಣದ್ದನ್ನು ಹಾಕಿಸು. ಆ ಕಪ್ಪು ಗಾಜಿನೊಳಗೆ ನಿನ್ನಣ್ಣನ ಗುರುತು ಸಿಗದೆ ತಾನೆ ಕೇರಿ ಕಾಯುವ ಗ್ಯಾಂಗಿನವರು ಗುಂಡು ಹಾರಿಸಿ ಕೊಂದದ್ದು? ಕೇರಿಯೊಳಗೆ ಬರುವಾಗ, ಮಳೆಯಿದ್ದರೂ ಸರಿ, ನಾಲ್ಕೂ ಗಾಜು ಇಳಿಸು.

ನಿನ್ನೆ ನಾನು ಇಳಿಸಿಕೊಂಡೇ ಬಂದೆ. ಮೂಲೆಯಲ್ಲಿ ಕಾವಲು ನಿಂತಿದ್ದ ಅವರ ಕಡೆಯ ಮೀಸೆಯವನು ಬಗ್ಗಿ ನೋಡಿ, "ಹಿಂದೆ ಕೂತಿರೋನು ಯಾರಮ್ಮಾ?" ಅಂದ. ಕಾರಿನಲ್ಲಿ ಇದ್ದದ್ದು ನಾನೊಬ್ಬಳೇ. ತಿರುಗಿ ನೋಡಲು ಧೈರ್ಯ ಬರಲಿಲ್ಲ. "ನನ್ನ ದೊಡ್ಡ ಮಗ" ಅಂದೆ. "ಸರಿ, ಹೋಗಮ್ಮಾ" ಅಂದ.

ಹಿಂದಿನ ಗಾಜಿಗೆ ಏನೂ ಹಚ್ಚಿಸಬೇಡ. ಈ ಸಲವಾದರೂ ಅವನ ಮುಖ ಅವರಿಗೆ ಕಾಣಲಿ.

ಅಮ್ಮ